ಹಳೆ ಕಾರು ತಗ್ಗಿಸಿದವರ ಗಮನಕ್ಕೆ

ಮಾನ್ಯ ಸಂಪಾದಕರೇ,

ಮಾರುತಿ ಝೆನ್, ಎಸ್ಟೀಮ್‌ನಂಥ ಹಳೆಯ ಕಾರುಗಳನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿಕೊಂಡ ಯುವಕರು, ಆಮೇಲೆ ಗಾಡಿ ಎತ್ತಿ ಹಾಕುತ್ತದೆ ಎಂದು ಶಾಕ್ ಅಬ್ಸಾರ್ಬರ್‌ಗಳಿಗೆ ದುಡ್ಡು ಸುರಿಯುವುದನ್ನು ಕಂಡು ಬೇಸರವಾಗುತ್ತದೆ. ಸ್ಪ್ರಿಂಗ್‌ನ ಸುತ್ತು ಕತ್ತರಿಸಿದರೆ ಕಾರು ತಗ್ಗುವುದಷ್ಟೇ ಅಲ್ಲ, ಸ್ಪ್ರಿಂಗ್ ಗಡುಸೂ ಆಗುತ್ತದೆ. ಚಕ್ರ ಮೇಲೇಳಲು ಇರುವ ಜಾಗ ಕುಗ್ಗಿ, ಸಣ್ಣ ಗುಂಡಿಗೂ ಶಾಕ್ ಅಬ್ಸಾರ್ಬರ್ ಬಂಪ್ ಸ್ಟಾಪ್‌ಗೆ, ಅಂದರೆ ಕೊನೆಯಲ್ಲಿ ತಡೆಯುವ ರಬ್ಬರ್ ತುಂಡಿಗೆ, ಬಡಿಯುತ್ತದೆ. ಶಾಕ್ ಅಬ್ಸಾರ್ಬರ್‌ನ ರಬ್ಬರ್ ಹೊದಿಕೆ ಸರಿಸಿ, ಒಳಗಿನ ರಾಡ್‌ಗೆ ಪ್ಲಾಸ್ಟಿಕ್ ಟೈ ಒಂದನ್ನು ಬಿಗಿದು ನಿತ್ಯದ ರಸ್ತೆಯಲ್ಲಿ ಓಡಿಸಿದ ಮೇಲೆ ಅದು ಬಂಪ್ ಸ್ಟಾಪ್‌ವರೆಗೂ ಸರಿದಿದ್ದರೆ, ಕಾರನ್ನು ಸ್ವಲ್ಪ ಎತ್ತರಿಸದೆ ಬೇರೆ ದಾರಿಯಿಲ್ಲ.

ಟೈ ಅಲ್ಲಿಗೆ ತಲುಪದಿದ್ದರೆ ಮೊದಲು ಟೈರಿನ ಗಾಳಿ, ಬಳಿಕ ಲೋವರ್ ಆರ್ಮ್ ಬುಷ್‌ಗಳನ್ನು (ಚಕ್ರವನ್ನು ಕಾರಿನ ಅಡಿಗೆ ಜೋಡಿಸುವ ತೋಳಿನ ಕೀಲಿನಲ್ಲಿರುವ ರಬ್ಬರ್ ತುಂಡುಗಳನ್ನು) ನೋಡಬೇಕು. ಅನೇಕ ಗ್ಯಾರೇಜುಗಳಲ್ಲಿ ಕಾರು ಜಾಕ್ ಮೇಲಿರುವಾಗಲೇ ಈ ಬುಷ್‌ಗಳ ಬೋಲ್ಟ್ ಬಿಗಿಯುವುದರಿಂದ, ಚಕ್ರ ನೆಲಕ್ಕಿಳಿದಾಗ ಬುಷ್‌ನ ರಬ್ಬರ್ ತಿರುಚಿಕೊಂಡೇ ಉಳಿದು, ಸವಾರಿ ಬಿರುಸಾಗುತ್ತದೆ, ಬುಷ್ ಬೇಗ ಹರಿಯುತ್ತದೆ. ಬೋಲ್ಟ್ ಸಡಿಲಿಸಿ, ಭಾರವೆಲ್ಲ ಚಕ್ರಗಳ ಮೇಲಿರುವಾಗ ಮತ್ತೆ ಬಿಗಿಸಿದರೆ ಸಾಕು. ಇದಕ್ಕೆ ಹೊಸ ಬಿಡಿಭಾಗ ಬೇಡ. ಎತ್ತರ ಬದಲಾದ ಕಾರಿಗೆ ವೀಲ್ ಅಲೈನ್‌ಮೆಂಟ್ ಮಾತ್ರ ಕಡ್ಡಾಯ. ಇಷ್ಟನ್ನು ಪರೀಕ್ಷಿಸಿದ ನಂತರವೇ ಮೆಕ್ಯಾನಿಕ್‌ಗಳು ಗ್ರಾಹಕರಿಗೆ ಖರ್ಚು ಹೇಳಬೇಕೆಂದು ಕೋರುತ್ತೇನೆ.

– ಹಳೆ ಕಾರಿನ ಮಾಲೀಕ, ಮೈಸೂರು