ಲೇಪ ಯಾವಾಗ ತೆಗೆಯಬೇಕು ಅಂತಲೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಗಿಡಮೂಲಿಕೆ ಲೇಪಗಳ ಬಗ್ಗೆ ಬಂದ ಲೇಖನ ಓದಿದೆ. ಮಂಡಿ ನೋವಿಗೆ ಒಂದು, ಮೊಡವೆಗೆ ಒಂದು, ಬಿಳಿ ಮಚ್ಚೆಗೆ ಒಂದು. ಏನೇನು ಬೇಕು ಅನ್ನುವ ಪಟ್ಟಿ ಚೆನ್ನಾಗಿಯೇ ಇತ್ತು. ಆದರೆ ಮೂರಕ್ಕೂ ಕೊನೆಯ ಸಾಲು ಒಂದೇ: ರಾತ್ರಿ ಹಚ್ಚಿ, ಬೆಳಗ್ಗೆ ತೊಳೆಯಿರಿ. ನನ್ನ ತಕರಾರು ಆ ಸಾಲಿನ ಮೇಲೆ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಆಯುರ್ವೇದ ಆಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ಕೂತು ನಿವೃತ್ತಳಾದವಳು. ವೈದ್ಯೆ ಅಲ್ಲ. ಚೀಟಿ ನೋಡಿ ಪುಡಿ ಕಟ್ಟಿಕೊಡುವುದು, ಹೇಗೆ ಬಳಸಬೇಕು ಅಂತ ಹೇಳಿ ಕಳಿಸುವುದು ನನ್ನ ಕೆಲಸವಾಗಿತ್ತು. ಕಟ್ಟುವುದಕ್ಕಿಂತ ಹೇಳುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತಿತ್ತು. ಇದನ್ನು ನೀರಲ್ಲಿ ಕಲಸಬೇಕಾ, ತುಪ್ಪದಲ್ಲಾ? ಬಿಸಿ ಮಾಡಬೇಕಾ? ಎಷ್ಟು ದಪ್ಪ? ಎಷ್ಟು ಹೊತ್ತು? ಇಷ್ಟನ್ನೂ ಕೇಳಿಸಿಕೊಳ್ಳದೆ ಪೊಟ್ಟಣ ಎತ್ತಿಕೊಂಡು ಬಸ್ಸಿಗೆ ಓಡುವವರನ್ನು ಕಿಟಕಿಯಿಂದಲೇ ಕೂಗಿ ನಿಲ್ಲಿಸುತ್ತಿದ್ದೆ. ಬೈಸಿಕೊಂಡದ್ದೂ ಉಂಟು.

ರಾತ್ರಿ ಲೇಪ ಹಾಕಬಾರದು ಅನ್ನುವುದು ನನ್ನ ಸ್ವಂತ ಕಟ್ಟಳೆಯಲ್ಲ. ಆಯುರ್ವೇದದ ಹಳೆಯ ಗ್ರಂಥ ಸುಶ್ರುತ ಸಂಹಿತೆಯ ಮೊದಲ ಭಾಗವಾದ ಸೂತ್ರಸ್ಥಾನದ 18ನೇ ಅಧ್ಯಾಯ ಗಾಯ, ಬಾವುಗಳಿಗೆ ಲೇಪ ಹಚ್ಚುವುದಕ್ಕೆ, ಪಟ್ಟಿ ಕಟ್ಟುವುದಕ್ಕೇ ಮೀಸಲು. ಅಲ್ಲಿ ಸ್ಪಷ್ಟವಾಗಿಯೇ ಇದೆ. ಲೇಪದ ತಂಪಿಗೆ ಒಳಗಿನ ಶಾಖ ಹೊರಗೆ ಹೋಗದೆ ನಿಂತುಬಿಡುತ್ತದೆ, ಹಾಗಾಗಿ ರಾತ್ರಿ ಬೇಡ ಎಂದು ಕಾರಣವನ್ನೂ ಕೊಟ್ಟಿದ್ದಾರೆ. ಒಣಗಿದ ಲೇಪವನ್ನು ಮೈಮೇಲೆ ಬಿಡಬಾರದು, ಅದರಿಂದ ಉಪಯೋಗವಿಲ್ಲ, ನೋವು ಬೇರೆ. ಕೀವು ಹೊರಗೆ ಬರಲಿ ಅಂತ ಬಾವನ್ನು ಒತ್ತಿಡಲು ಹಾಕುವ ಲೇಪಕ್ಕೆ ಮಾತ್ರ ಇದರಿಂದ ರಿಯಾಯಿತಿ. ಹಿಂದಿನ ದಿನ ಅರೆದಿಟ್ಟದ್ದು ಬೇಡ. ಒಂದರ ಮೇಲೊಂದು ಮೆತ್ತಬೇಡಿ. ತೆಗೆದದ್ದನ್ನೇ ಮತ್ತೆ ನೀರು ಹಾಕಿ ಕಲಸಿ ಹಚ್ಚಬೇಡಿ. ಇದನ್ನೆಲ್ಲ ಬರೆದಿರುವುದು ನೋಡಿದರೆ ಆ ಕಾಲದಲ್ಲೂ ಜನ ಹೀಗೇ ಮಾಡುತ್ತಿದ್ದರು ಅನಿಸುತ್ತದೆ ಅಲ್ವಾ!

ಹಚ್ಚುವ ರೀತಿಗೂ ಕಾರಣ ಇದೆ. ಕೂದಲು ಮಲಗಿರುವ ದಿಕ್ಕಿಗೆ ಎದುರಾಗಿ ಹಚ್ಚಬೇಕು, ಆಗ ಔಷಧಿ ಚೆನ್ನಾಗಿ ನಿಲ್ಲುತ್ತದೆ, ಕೂದಲ ಬುಡದಿಂದ ಒಳಗಿಳಿಯುತ್ತದೆ ಅನ್ನುತ್ತದೆ ಸುಶ್ರುತ. ದಪ್ಪ ಎಷ್ಟಿರಬೇಕು ಅಂದರೆ ಹಸಿ ಎಮ್ಮೆ ಚರ್ಮದಷ್ಟು. ನಮ್ಮ ಡಾಕ್ಟ್ರು ಇದನ್ನು ಓದಿ ಹೇಳಿದ ದಿನದಿಂದ ನನಗೂ ಸುಲಭವಾಯಿತು. ಎಮ್ಮೆ ಕಟ್ಟಿದವರಿಗೆ ಸೆಂಟಿಮೀಟರ್ ಲೆಕ್ಕ ಬೇಕಾಗಲಿಲ್ಲ.

ಮುಖಕ್ಕೆ ಹಚ್ಚುವ ಲೇಪದ ಬಗ್ಗೆ ಇನ್ನೊಂದು ಹಳೆಯ ಆಯುರ್ವೇದ ಗ್ರಂಥ, ವಾಗ್ಭಟರ ಅಷ್ಟಾಂಗ ಹೃದಯದಲ್ಲಿ ಬೇರೆ ಅಳತೆ ಇದೆ: ಅಂಗುಲದ, ಅಂದರೆ ಒಂದು ಬೆರಳಗಲದ, ಕಾಲು, ಮೂರನೇ ಒಂದು ಅಥವಾ ಅರ್ಧ ಭಾಗ. ಹಚ್ಚಿಕೊಂಡಾಗ ಹಗಲು ನಿದ್ದೆ, ಮಾತು, ಒಲೆ ಮುಂದೆ ಕೂರುವುದು, ಬಿಸಿಲು, ಅಳು, ಸಿಟ್ಟು ಎಲ್ಲ ವರ್ಜ್ಯ. ಮನೆ ನಡೆಸುವ ಹೆಂಗಸಿಗೆ ಇವು ಯಾವುವೂ ಇಲ್ಲದ ಹೊತ್ತು ಯಾವುದೋ ನನಗಂತೂ ಗೊತ್ತಿಲ್ಲ. ಇರಲಿ. ಮುಖ್ಯವಾದದ್ದು ಕೊನೆಯದು. ತೆಗೆಯುವ ಮುಂಚೆ ನೀರಿನಿಂದ ನೆನೆಸಿ ಮೆತ್ತಗೆ ಮಾಡಬೇಕು, ಆಮೇಲೆ ಎಣ್ಣೆ ಸವರಬೇಕು. ಈಗಿನ ಹುಡುಗಿಯರು ಒಣಗಿ ಬಿರುಕು ಬಿಟ್ಟ ಮೇಲೆ ಪರಪರ ಕೆರೆದು ತೆಗೆಯುತ್ತಾರೆ. ಚರ್ಮ ಕೆಂಪಾದರೆ ಅರಿಶಿನ ಸರಿಯಿರಲಿಲ್ಲ ಅಂತಾರೆ.

ಇನ್ನು ನಿಮ್ಮ ಲೇಖನದ ಬಿಳಿ ಮಚ್ಚೆಯ ಲೇಪ. ಬಾವಂಚಿ ಬೀಜ ಅರೆದು ಹಚ್ಚಿ ಅಂತಷ್ಟೇ ಇದೆ. ಇದನ್ನು ಓದಿ ನಿಜವಾಗಿಯೂ ಗಾಬರಿಯಾಯಿತು. ಬಾವಂಚಿಯಲ್ಲಿ ಸೋರಾಲೆನ್ ಎಂಬ ಅಂಶ ಇದೆ. ಅದು ಚರ್ಮಕ್ಕೆ ಬಿಸಿಲನ್ನು ತಾಳಿಕೊಳ್ಳಲು ಆಗದ ಹಾಗೆ ಮಾಡುತ್ತದೆ. ತೊನ್ನಿಗೆ ಅದು ಕೆಲಸ ಮಾಡುವುದೂ ಈ ಗುಣದಿಂದಲೇ, ಸುಡುವುದೂ ಈ ಗುಣದಿಂದಲೇ. ಹಚ್ಚಿಕೊಂಡು ತೋಟಕ್ಕೆ ಹೋಗಿ ಬಿಸಿಲಲ್ಲಿ ನಿಂತರೆ ಬೊಬ್ಬೆ ಏಳುತ್ತದೆ. ವೈದ್ಯರು ಬೀಜವನ್ನು ಗೋಮೂತ್ರದಲ್ಲಿ ನೆನೆಸಿ ಶುದ್ಧಿ ಮಾಡಿಸಿ, ಎಷ್ಟು ಹೊತ್ತು ಹಚ್ಚಬೇಕು, ಎಷ್ಟು ನಿಮಿಷ ಬಿಸಿಲು ತಾಗಬೇಕು ಅಂತ ರೋಗಿಯನ್ನು ನೋಡಿ ಹೇಳುತ್ತಾರೆ. ನಮ್ಮಲ್ಲಿ ಈ ಪುಡಿ ಹೋಗುವಾಗ ಡಾಕ್ಟ್ರು ರೋಗಿಯನ್ನು ಇನ್ನೊಮ್ಮೆ ಒಳಗೆ ಕರೆದು ಮಾತಾಡಿಯೇ ಕಳಿಸುತ್ತಿದ್ದರು. ನೀವು ಅದನ್ನು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಗ್ರಂಧಿಗೆ ಅಂಗಡಿಯಲ್ಲಿ ಬಾವಂಚಿ ಯಾರು ಕೇಳಿದರೂ ಸಿಗುತ್ತದೆ.

ಚಿತ್ರಮೂಲದ ಬೇರು, ಗೇರುಬೀಜದ ಸಿಪ್ಪೆಯ ಎಣ್ಣೆ, ಹಸಿ ಬೆಳ್ಳುಳ್ಳಿ, ಇವೂ ಚರ್ಮ ಸುಡುವಂಥವೇ. ಒಬ್ಬ ತಾಯಿ ಯಾವುದೋ ವಿಡಿಯೊ ನೋಡಿ ಮಗನ ಮಂಡಿಗೆ ಬೆಳ್ಳುಳ್ಳಿ ಅರೆದು ಹಚ್ಚಿ, ಬಟ್ಟೆ ಕಟ್ಟಿ ಮಲಗಿಸಿದ್ದರು. ಬೆಳಗ್ಗೆ ಬಿಚ್ಚಿದಾಗ ನೀರು ತುಂಬಿದ ಬೊಬ್ಬೆ. ಆಟದಲ್ಲಿ ಬಿದ್ದ ಪೆಟ್ಟು ಎರಡು ದಿನದಲ್ಲಿ ಹೋಗುತ್ತಿತ್ತು, ಈ ಸುಟ್ಟ ಗಾಯ ವಾಸಿಯಾಗಲು ವಾರಗಳೇ ಹಿಡಿದವು. "ಗಿಡದ್ದಲ್ವಾ ಅಮ್ಮಾ, ಏನೂ ಆಗಲ್ಲ ಅಂದ್ಕೊಂಡೆ" ಅಂದರು ಆಕೆ. ಸಕ್ಕರೆ ಕಾಯಿಲೆ ಇರುವವರ ವಿಷಯ ಇನ್ನೂ ಸೂಕ್ಷ್ಮ. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಬಿಸಿ ಲೇಪ ಸುಡುವುದೂ ಗೊತ್ತಾಗುವುದಿಲ್ಲ.

ನಾನು ಲೇಪದ ವಿರೋಧಿ ಅಂತ ಯಾರೂ ತಿಳಿಯಬೇಡಿ. ಮಂಡಿ ಊದಿಕೊಂಡರೆ ಲಕ್ಕಿ ಸೊಪ್ಪು ಅರೆದು, ಉಗುರು ಬೆಚ್ಚಗೆ ಮಾಡಿ ಈಗಲೂ ಹಚ್ಚಿಕೊಳ್ಳುತ್ತೇನೆ. ನಾಟಿ ದಿನಗಳಲ್ಲಿ ಕಾಲ್ಬೆರಳ ಸಂದಿ ಕೆಸರಿಗೆ ಕೊಳೆತಾಗ ನಮ್ಮ ಕಡೆ ಮದರಂಗಿ ಸೊಪ್ಪೇ ಗತಿ. ಉರಿ, ಕೆಂಪು, ಬಾವಿಗೆ ನಮ್ಮ ಆಸ್ಪತ್ರೆಯಲ್ಲಿ ಕೊಡುತ್ತಿದ್ದ ದಶಾಂಗ ಲೇಪ ನನಗೆ ಬಹಳ ಇಷ್ಟದ್ದು. ಬಾಗೆ ಮರದ ತೊಗಟೆ, ಜ್ಯೇಷ್ಠಮಧು, ರಕ್ತಚಂದನ, ಏಲಕ್ಕಿ, ಜಟಾಮಾಂಸಿ, ಅರಿಶಿನ, ಮರದರಿಶಿನ ಹೀಗೆ ಹತ್ತು ಸಾಮಾನು. ಪುಡಿಯನ್ನು ಬಟ್ಟೆಯಲ್ಲಿ ಸೋಸಿ, ತುಪ್ಪ ಸೇರಿಸಿ ಕಲಸಬೇಕು. ಅದೇ ಪುಡಿಯನ್ನು ಬರೀ ನೀರಲ್ಲಿ ಕಲಸಿಕೊಂಡು "ಚರ್ಮ ಬಿಗಿಯುತ್ತೆ, ಉರಿ ಹೋಗಿಲ್ಲ" ಅಂತ ವಾಪಸ್ ಬಂದವರು ಎಷ್ಟೋ ಜನ. ತುಪ್ಪ ಹಾಕಿ ಅಂತ ಹೇಳಿ ಅದೇ ಪುಡಿಯನ್ನು ಮತ್ತೆ ಕೊಡುತ್ತಿದ್ದೆವು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಇನ್ನು ಮುಂದೆ ಲೇಪದ ಬಗ್ಗೆ ಬರೆಸುವಾಗ ಯಾವುದರಲ್ಲಿ ಕಲಸಬೇಕು, ಯಾವಾಗ ತೆಗೆಯಬೇಕು, ಯಾರು ಹಚ್ಚಬಾರದು ಅನ್ನುವುದನ್ನೂ ಬರೆಸಿ. ಮೊದಲು ಮೊಳಕೈಯ ಒಳಬದಿಗೆ ಚೂರು ಹಚ್ಚಿ ನೋಡಲು ಹೇಳಿ. ಬಾವಂಚಿಯಂಥದ್ದಕ್ಕೆ ವೈದ್ಯರನ್ನು ಕಾಣಿ ಅನ್ನುವುದು ದಪ್ಪ ಅಕ್ಷರದಲ್ಲಿರಲಿ. ಹೋದ ವಾರದ್ದಕ್ಕೆ ಒಂದು ತಿದ್ದುಪಡಿಯನ್ನೂ ಹಾಕಿ, ಪುಟ ಕತ್ತರಿಸಿ ಇಟ್ಟುಕೊಳ್ಳುವ ಓದುಗರು ಬಹಳ ಇದ್ದಾರೆ. ಜಾಗ ಸಾಲದಿದ್ದರೆ ಕಣ್ಣಿನ ಮೇಲೆ ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ನಗುತ್ತಿರುವ ಆ ಹುಡುಗಿಯ ಫೋಟೊವನ್ನು ಸ್ವಲ್ಪ ಚಿಕ್ಕದು ಮಾಡಿ.

— ನಿವೃತ್ತ ಆಯುರ್ವೇದ ಫಾರ್ಮಸಿಸ್ಟ್, ಸಾಗರ