ಅಲ್ಲಾಡದೆ ಇರುವವರ ಬಗ್ಗೆ

ಚಿ. ಮೇಘನಾಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆ ಸುದ್ದಿ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿರುತ್ತಾಳೆ, ನಾನು ಮತ್ತೆ ಬರೆಯಲ್ಲ. ವೃದ್ಧಾಶ್ರಮದಲ್ಲಿ ಬಿದ್ದವರನ್ನು ಪತ್ತೆ ಮಾಡುವ ನಿಮ್ಮ ಕ್ಯಾಮೆರಾ ಚಿಪ್‌ನ ಕೆಲಸದ ಬಗ್ಗೆ ನಿನ್ನ ಕಾಗದದಲ್ಲಿ ಎಷ್ಟೊಂದು ಬರೆದಿದ್ದೀಯ, ಆದರೆ ನನ್ನ ತಲೆಯಲ್ಲಿ ಉಳಿದಿರುವುದು ಕೊನೆಯ ಆ ಒಂದು ಸಾಲು. "ನಮ್ಮ ಚಿಪ್‌ಗೆ ಅಲ್ಲಾಡದವರು ಕಾಣುವುದೇ ಇಲ್ಲ ದೊಡ್ಡಮ್ಮ. ಬಿದ್ದವರು ಅಲ್ಲಾಡದೆ ಮಲಗಿದ್ದರೆ?" ಅಷ್ಟು ಬರೆದು ಸುಮ್ನೆ ಸಹಿ ಹಾಕಿಬಿಟ್ಟಿದ್ದೀಯ.

ನಾನು ಅರ್ಥ ಮಾಡಿಕೊಂಡಿದ್ದು ಸರಿಯಾ ನೋಡು. ನಿಮ್ಮದು ಮಾಮೂಲಿ ಕ್ಯಾಮೆರಾ ಥರ ಫೋಟೋ ತೆಗೆಯುವುದಿಲ್ಲ. ಒಂದೊಂದು ಪಿಕ್ಸೆಲ್ಲೂ ಈಗ ಬೀಳುತ್ತಿರುವ ಬೆಳಕನ್ನು ತಾನು ನೆನಪಿಟ್ಟುಕೊಂಡಿದ್ದರ ಜೊತೆ ತಾಳೆ ನೋಡುತ್ತದೆ. ಬದಲಾಗಿದ್ದರೆ ಹೇಳುತ್ತದೆ, ಇಲ್ಲದಿದ್ದರೆ ಬಾಯಿ ಬಿಡಲ್ಲ. ಮಿಶಾ ಮಹೊವಾಲ್ಡ್ ಮತ್ತು ಕಾರ್ವರ್ ಮೀಡ್ ಸಿಲಿಕಾನ್ ರೆಟಿನಾ ಬಗ್ಗೆ 1991ರಲ್ಲಿ ಸೈಂಟಿಫಿಕ್ ಅಮೆರಿಕನ್‌ನಲ್ಲಿ ಬರೆದದ್ದನ್ನು ನಾನು ಆಗಲೇ ಓದಿದ್ದೆ. ಕಣ್ಣಿನ ಪರದೆ ಮಾಡುವ ಕೆಲಸವನ್ನು ಟ್ರಾನ್ಸಿಸ್ಟರ್‌ಗಳ ಕೈಯಲ್ಲಿ ಮಾಡಿಸಬಹುದು ಅಂತ ಆ ಹುಡುಗಿ ಮಿಶಾ ತೋರಿಸಿದಳು. ಪಾಪ, 1996ರಲ್ಲೇ ಹೋಗಿಬಿಟ್ಟಳು. ಆಮೇಲೆ 2008ರಲ್ಲಿ ಜ್ಯೂರಿಕ್‌ನ ಸಂಶೋಧಕರು ಪ್ರಕಟಿಸಿದ ಇದೇ ಥರದ ಚಿಪ್‌ನಲ್ಲಿ ಇದ್ದದ್ದು 128 × 128 ಪಿಕ್ಸೆಲ್ ಅಷ್ಟೇ. ಆದರೆ ಬದಲಾವಣೆ ಆದ 15 ಮೈಕ್ರೋಸೆಕೆಂಡಿಗೇ ಸುದ್ದಿ ಹೊರಗೆ. ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಫೋಟೋ ಇಲ್ಲ ಅನ್ನುವ ಕಾರಣಕ್ಕೇ ವೃದ್ಧಾಶ್ರಮದ ಬಚ್ಚಲುಮನೆಗೂ ಹಾಕಬಹುದು ಅಂತ ನಿಮ್ಮವರು ಹೇಳುವುದೂ ಸರಿ.

ಆದರೆ ಯೋಚನೆ ಮಾಡು. ಮೇಲೆ ಫ್ಯಾನ್ ತಿರುಗುತ್ತಿರುತ್ತದೆ, ಅದು ಕಾಣುತ್ತದೆ. ಹಳೆಯ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ಅದೂ ಕಾಣುತ್ತದೆ. ಕೆಳಗೆ ಬಿದ್ದಿರುವ ಮುದುಕಿ ಕಾಣಲ್ಲ. ದಬ್ಬನೆ ಬಿದ್ದರೆ ಸರಿ, ಬೀಳುವುದನ್ನಾದರೂ ಹಿಡಿಯುತ್ತದೆ. ನಮ್ಮ ವಯಸ್ಸಿನವರು ಹಾಗೆ ಬೀಳುವುದು ಕಮ್ಮಿ ಕಣೆ. ಗೋಡೆ ಹಿಡಿದುಕೊಂಡು ಮೆಲ್ಲಗೆ ಕುಸಿಯುತ್ತೇವೆ. ನಮ್ಮಮ್ಮನಿಗೆ ಆದದ್ದು ನಿನಗೆ ಗೊತ್ತೇ ಇದೆ, ಬಿಡು. ಮನೆ ತುಂಬ ಜನ ಇದ್ದೆವು. ನೀರಿನ ಸದ್ದು ನಿಂತಿತು ಅಂದರೆ ಸ್ನಾನ ಮುಗಿಯಿತು ಅಂದುಕೊಳ್ಳುವ ಮನೆ ನಮ್ಮದು.

ಅದಕ್ಕೇ ನಿನ್ನ ಸಾಲು ನನ್ನನ್ನು ಬಿಡುತ್ತಿಲ್ಲ.

ನಮ್ಮ ಕಣ್ಣೂ ಹೀಗೇ ಅಂತೆ. 1950ರ ದಶಕದಲ್ಲಿ ಕಣ್ಣಿನ ಮೇಲೆ ಕನ್ನಡಿ ಇರುವ ಲೆನ್ಸ್ ಕೂರಿಸಿ, ಕಣ್ಣು ಆಡಿದ ಹಾಗೆ ಚಿತ್ರವೂ ಆಡುವಂತೆ ಮಾಡಿ ನೋಡಿದರು. ಕೆಲವು ಸೆಕೆಂಡಿನಲ್ಲಿ ಎದುರಿಗಿದ್ದ ಚಿತ್ರ ಮಾಸಿಹೋಯಿತು. ನಮಗೆ ಗೋಡೆ, ಮಂಚ ಕಾಣುತ್ತಿರುವುದು ಕಣ್ಣು ತಾನೇ ಸದಾ ಚೂರು ಚೂರು ಅಲುಗುತ್ತಿರುವುದರಿಂದ. ನಿಮ್ಮ ಚಿಪ್ಪನ್ನು ಸೀಲಿಂಗಿಗೆ ಸ್ಕ್ರೂ ಹಾಕಿ ಬಿಗಿದುಬಿಡುತ್ತೀರಿ, ಅಲ್ವಾ?

ನಾನು ಕೆಲಸಕ್ಕೆ ಸೇರಿದಾಗ ಲೇಔಟ್, ಅಂದರೆ ಚಿಪ್ಪಿನ ನಕ್ಷೆ, ಮಾಡುತ್ತಿದ್ದದ್ದು ರೂಬಿಲಿತ್ ಮೇಲೆ. ಪಾರದರ್ಶಕ ಹಾಳೆಯ ಮೇಲೆ ಕೆಂಪು ಪದರ. ಕೆಳಗಿನಿಂದ ಲೈಟ್ ಬಿಟ್ಟ ಮೇಜಿನ ಮೇಲೆ ಹಾಸಿ, ಕೆಂಪನ್ನು ಮಾತ್ರ ಕೊಯ್ದು, ಚಿಮುಟದಲ್ಲಿ ಸುಲಿಯಬೇಕು. ಕೈ ಸ್ವಲ್ಪ ಒತ್ತಿದರೆ ಕೆಳಗಿನ ಹಾಳೆಗೂ ಗೀರು. ನೂರಾರು ಪಟ್ಟು ದೊಡ್ಡದಾಗಿ ಕೊಯ್ದದ್ದನ್ನು ಫೋಟೋ ತೆಗೆದು ಕುಗ್ಗಿಸಿ ಮಾಸ್ಕ್, ಅಂದರೆ ಚಿಪ್ಪಿನ ಮೇಲೆ ನಕ್ಷೆ ಮೂಡಿಸುವ ಅಚ್ಚು, ಮಾಡುತ್ತಿದ್ದರು. ಜಾಸ್ತಿ ಉಳಿದ ಕೆಂಪು ಚೂರು ಯಾರ ಕಣ್ಣಿಗಾದರೂ ಬೀಳುತ್ತಿತ್ತು. ಇರಬೇಕಾದ ಚೂರು ಇಲ್ಲದೆ ಹೋದದ್ದು ಯಾರಿಗೂ ಕಾಣುತ್ತಿರಲಿಲ್ಲ. ನಮ್ಮ ಸೂಪರ್‌ವೈಸರ್ ಅದಕ್ಕೇ ತಪಾಸಣೆಯನ್ನು ಹಾಳೆಯಿಂದ ಶುರು ಮಾಡಲು ಬಿಡುತ್ತಿರಲಿಲ್ಲ. ಒಬ್ಬರು ಸರ್ಕ್ಯೂಟ್ ನೋಡಿ ಒಂದೊಂದನ್ನೇ ಜೋರಾಗಿ ಓದಬೇಕು, ಇನ್ನೊಬ್ಬರು ಹಾಳೆಯ ಮೇಲೆ ಬೆರಳಿಟ್ಟು ತೋರಿಸಬೇಕು. ಬೆರಳಿಡಲು ಜಾಗ ಸಿಗಲಿಲ್ಲ ಅಂದರೆ ಕೆಲಸ ನಿಲ್ಲುತ್ತಿತ್ತು.

ಕಂಪ್ಯೂಟರ್ ಲೇಔಟ್ ಬಂದಾಗ ನನ್ನನ್ನೂ ಕಲಿಯಲು ಕರೆದರು. ಮಕ್ಕಳು ಚಿಕ್ಕವರು, ಸಂಜೆ ಕ್ಲಾಸು, ಹೋಗಲಿಲ್ಲ. ಸ್ಟೋರ್ಸ್‌ಗೆ ಹಾಕಿದರು, ಅಲ್ಲೇ ರಿಟೈರ್ ಆದೆ. ಇಲ್ಲದಿದ್ದರೆ ಇವತ್ತು ನಿನಗೆ ಇನ್ನೂ ಗಟ್ಟಿಯಾಗಿ ಏನಾದರೂ ಹೇಳುತ್ತಿದ್ದೆನೇನೋ ಅಂತ ನಿನ್ನ ಕಾಗದ ಓದುವಾಗ ಅನ್ನಿಸಿತು.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೇಜಾರಾಗಬೇಡ. ಬಾಗಿಲಲ್ಲಿ ಒಳಗೆ ಹೋಗುವವರು ನಡೆಯುತ್ತಾರೆ, ನಿಮ್ಮ ಚಿಪ್‌ಗೆ ಕಾಣುತ್ತಾರೆ. ಹೊರಗೆ ಬರುವವರೂ ಅಷ್ಟೇ. ಒಳಗೆ ಹೋದ ಲೆಕ್ಕ ಇದೆ, ಬಂದ ಲೆಕ್ಕ ಇಲ್ಲ, ಒಳಗೆ ಏನೂ ಅಲ್ಲಾಡುತ್ತಿಲ್ಲ. ಅದು ಎಷ್ಟೋ ನಿಮಿಷ ಹಾಗೇ ಇದ್ದರೆ ಗಂಟೆ ಹೊಡೆಯಲಿ. ಒಂದು ಕೌಂಟರ್, ಒಂದು ಟೈಮರ್. ಚಿಪ್ಪಿನಲ್ಲಿ ಎಷ್ಟು ಜಾಗ ತಿನ್ನುತ್ತದೆ ಅದು? ನಿಮಿಷದ ಲೆಕ್ಕವನ್ನು ಮಾತ್ರ ಒಳಗೆ ಕೂರಿಸಿಬಿಡಬೇಡಿ, ಆಮೇಲೂ ಬದಲಾಯಿಸಬಹುದಾದ ಹಾಗೆ ಚಿಪ್ಪಿನ ರಿಜಿಸ್ಟರ್‌ನಲ್ಲಿಡಿ. ನಾನು ಸ್ನಾನಕ್ಕೆ ತೆಗೆದುಕೊಳ್ಳುವ ಹೊತ್ತು ಬೇರೆ, ನಿಮ್ಮ ದೊಡ್ಡಪ್ಪನದು ಬೇರೆ.

ಬದಲಾವಣೆಯನ್ನೂ ಮಾಮೂಲಿ ಚಿತ್ರವನ್ನೂ ಒಂದೇ ಪಿಕ್ಸೆಲ್‌ನಿಂದ ಕೊಡುವ ಚಿಪ್ಪನ್ನೂ ಜ್ಯೂರಿಕ್‌ನವರು 2014ರಲ್ಲಿ ಪ್ರಕಟಿಸಿದ್ದಾರಲ್ಲ. ಗಂಟೆ ಹೊಡೆಯುವ ಮೊದಲು ಒಂದೇ ಒಂದು ಮಸುಕು ಚಿತ್ರ ತೆಗೆದು, ಚಿಪ್ಪಿನೊಳಗೇ ನೋಡಿ, ಅಲ್ಲೇ ಅಳಿಸಿದರೆ ಆಗಲ್ವಾ? ಮರ್ಯಾದೆಯ ಪ್ರಶ್ನೆ ಅಂತ ನಿಮ್ಮವರು ಹೇಳುತ್ತಾರೆ. ನನ್ನ ಬಚ್ಚಲಿನಲ್ಲಿ ಕ್ಯಾಮೆರಾ ಅಂದರೆ ನನಗೂ ಮುಜುಗರವೇ. ಆದರೆ ತಣ್ಣನೆ ನೆಲದ ಮೇಲೆ ಬೆಳಗಿನವರೆಗೆ ಬಿದ್ದಿರುವುದು ಅದಕ್ಕಿಂತ ಜಾಸ್ತಿ ಮರ್ಯಾದೆಯದ್ದೇನಲ್ಲ. ಯಾವುದು ಬೇಕು ಅಂತ ಅಲ್ಲಿರುವವರನ್ನೇ ಕೇಳಿ. ಕೇಳಿದ್ದೀರೋ ಇಲ್ಲವೋ ನೀನು ಬರೆದಿಲ್ಲ.

ಈಗಿನ ಟೂಲ್‌ಗಳು ನನಗೆ ಗೊತ್ತಿಲ್ಲ, ಹೇಳಿದ್ದರಲ್ಲಿ ಅರ್ಧ ನೀವು ಆಗಲೇ ಮಾಡಿರಬಹುದು. ಟೆಸ್ಟ್ ಮಾಡುವಾಗ ಬೀಳುವುದಕ್ಕೆ ಬರೀ ಹುಡುಗರನ್ನು ಕರೆಸಬೇಡಿ, ಅವರು ಧಡಾರನೆ ಬೀಳುತ್ತಾರೆ. ಗೋಡೆ ಹಿಡಿದು ನಿಧಾನಕ್ಕೆ ಕೂರುವುದು ಹೇಗೆ ಅಂತ ಬೇಕಾದರೆ ನಾನೇ ಬಂದು ತೋರಿಸುತ್ತೇನೆ, ಒಂದು ದಿಂಬು ಹಾಕಿಡು.

ಟೇಪ್‌ಔಟ್, ಅಂದರೆ ನಕ್ಷೆ ಮುಗಿಸಿ ಚಿಪ್ ಮಾಡಲು ಕಳಿಸುವುದು, ಜೂನ್‌ನಲ್ಲಿ ಅಂದಿದ್ದೀಯ. ಅದಕ್ಕೆ ಮುಂಚೆ ಕೌಂಟರ್ ವಿಷಯ ನಿಮ್ಮ ಲೀಡ್ ಹತ್ತಿರ ಎತ್ತು. ಈಗ ಯಾಕೆ ತಂದೆ ಅಂತ ರೇಗಿದರೆ, ಸ್ಟೋರ್ಸ್‌ನಲ್ಲಿದ್ದ ನಮ್ಮ ದೊಡ್ಡಮ್ಮ ಕೇಳುತ್ತಿದ್ದಾರೆ ಅನ್ನು.

ಇಂತಿ,
ನಿನ್ನ ದೊಡ್ಡಮ್ಮ