ಹೆಡ್‌ಲೈಟ್ ಬಲ್ಬು ಬದಲಿಸುವ ಮುನ್ನ ಬೆಳಕಿನ ಮಟ್ಟ ನೋಡಿಸಿ

ಮಾನ್ಯ ಸಂಪಾದಕರೇ,

ಮಳೆಗಾಲ ಹತ್ತಿರವಾದಂತೆ ನಮ್ಮ ಮಲೆನಾಡಿನ ವಾಹನ ಮಾಲೀಕರಲ್ಲಿ ಹೆಡ್‌ಲೈಟಿನ ಚರ್ಚೆ ಶುರುವಾಗುತ್ತದೆ. ಕಂಪನಿ ಕೊಟ್ಟ ದೀಪದಲ್ಲಿ ರಸ್ತೆಯೇ ಕಾಣುವುದಿಲ್ಲ ಎಂಬ ಅವರ ದೂರಿನಲ್ಲಿ ಹುರುಳಿದೆ. ಬಣಕಲ್, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವವರಿಗಾಗಲಿ, ಚಿಕ್ಕಮಗಳೂರಿನಿಂದ ಆಲ್ದೂರು ಮಾರ್ಗವಾಗಿ ಮೂಡಿಗೆರೆಗೆ ಬರುವವರಿಗಾಗಲಿ, ಬೀದಿದೀಪವಿಲ್ಲದೆ, ಎರಡೂ ಬದಿಯಲ್ಲಿ ತೋಟದ ಮರಗಳ ಕತ್ತಲು ಕವಿದು, ಅಂಚಿನ ಬಿಳಿ ಗೆರೆಯೂ ಮಾಸಿಹೋದ ಕಡೆಗಳಲ್ಲಿ ಇನ್ನಷ್ಟು ಬೆಳಕು ಬೇಕು ಎನ್ನಿಸುವುದು ಸಹಜ. ಆದರೆ ಆ ಬೆಳಕಿಗಾಗಿ ಬಹುಪಾಲು ಜನ ಹಿಡಿದಿರುವ ದಾರಿ, ಅಂದರೆ ಹ್ಯಾಲೊಜೆನ್ ಬಲ್ಬು ತೆಗೆದು ಅದೇ ಜಾಗಕ್ಕೆ ಅಂಗಡಿಯಲ್ಲಿ ಸಿಗುವ ಎಲ್‌ಇಡಿ ಬಲ್ಬು ಕೂರಿಸುವುದು, ಎದುರು ಬರುವವರ ಕಣ್ಣು ಕತ್ತಲಿಡುವಂತೆ ಮಾಡುತ್ತಿದೆ. ಹಾಕಿಸಿಕೊಂಡವರಿಗೂ ಅದರಿಂದ ಅವರು ಅಂದುಕೊಂಡಷ್ಟು ಪ್ರಯೋಜನವಿಲ್ಲ. ಈ ವಿಷಯವನ್ನು ಸ್ವಲ್ಪ ವಿವರವಾಗಿ ಓದುಗರ ಮುಂದಿಡಲು ಅವಕಾಶ ಕೋರುತ್ತೇನೆ.

ನಮ್ಮ ಹೆಚ್ಚಿನ ಸಣ್ಣ ಕಾರು, ಪಿಕಪ್‌ಗಳಲ್ಲಿ ಇರುವುದು ಎಚ್4 ಎಂಬ ಬಲ್ಬು. ಇದರೊಳಗೆ ಹೈ ಬೀಮ್‌ಗೆ (ದೂರಕ್ಕೆ ಚಾಚುವ ಬೆಳಕು) 60 ವ್ಯಾಟ್‌ನದೊಂದು, ಲೋ ಬೀಮ್‌ಗೆ (ತಗ್ಗಿಸಿದ ಬೆಳಕು) 55 ವ್ಯಾಟ್‌ನದೊಂದು, ಹೀಗೆ ಎರಡು ತಂತಿಸುರುಳಿಗಳಿವೆ. ಬಲ್ಬನ್ನು ಕೈಯಲ್ಲಿ ಹಿಡಿದು ನೋಡಿದರೆ (ಗಾಜನ್ನು ಬೆರಳಿನಿಂದ ಮುಟ್ಟಬಾರದು, ಕೈಯ ಜಿಡ್ಡು ಅಂಟಿದರೆ ಅದು ಬೇಗ ಸುಟ್ಟುಹೋಗುತ್ತದೆ) ಲೋ ಬೀಮ್ ಸುರುಳಿಯ ಕೆಳಗೆ ಉಗುರಿನಷ್ಟು ಚಿಕ್ಕದೊಂದು ಲೋಹದ ಬಟ್ಟಲು ಕಾಣುತ್ತದೆ. ರಿಫ್ಲೆಕ್ಟರಿನ (ಬಲ್ಬಿನ ಸುತ್ತಲಿನ ಹೊಳೆಯುವ ಬಾಗುಕನ್ನಡಿ) ಕೆಳಭಾಗಕ್ಕೆ ಬಿದ್ದ ಬೆಳಕು ಪ್ರತಿಫಲಿಸಿ ಮೇಲಕ್ಕೆ, ಎದುರಿನವರ ಕಣ್ಣಿಗೆ ಹೋಗುವುದರಿಂದ, ಆ ಬೆಳಕನ್ನು ಮೊದಲೇ ತಡೆಯುವುದಕ್ಕೆ ಈ ಬಟ್ಟಲಿದೆ. ಅದರ ಒಂದು ಅಂಚನ್ನು 15 ಡಿಗ್ರಿ ಓರೆಯಾಗಿ ಕತ್ತರಿಸಿರುವುದರಿಂದಲೇ ಬೆಳಕು ನಮ್ಮ ಎಡಬದಿಯ ರಸ್ತೆಯಂಚಿನ ಕಡೆಗೆ ಸ್ವಲ್ಪ ಎತ್ತರಕ್ಕೆ ಹರಡಿ, ಎದುರಿನ ವಾಹನ ಬರುವ ಬಲಬದಿಯಲ್ಲಿ ತಗ್ಗಾಗಿಯೇ ಉಳಿಯುತ್ತದೆ. ರಿಫ್ಲೆಕ್ಟರಿನ ಬಾಗು, ಸುರುಳಿಯ ಜಾಗ, ಬಟ್ಟಲಿನ ಅಂಚು, ಈ ಮೂರೂ ಮಿಲಿಮೀಟರಿಗಿಂತ ಸೂಕ್ಷ್ಮ ಅಳತೆಯಲ್ಲಿ ಒಂದಕ್ಕೊಂದು ಹೊಂದಿಕೊಂಡಾಗ ಮಾತ್ರ ದೀಪ ಸರಿಯಾಗಿ ಕೆಲಸ ಮಾಡುತ್ತದೆ.

ಸುರುಳಿಯ ಜಾಗದಲ್ಲಿ, ಒಂದು ಪಟ್ಟಿಯ ಎರಡು ಮುಖಗಳಿಗೆ ಅಂಟಿಸಿದ ಎಲ್‌ಇಡಿ ಬಂದು ಕುಳಿತರೆ ಈ ಹೊಂದಾಣಿಕೆ ಕೆಡುತ್ತದೆ. ಡಬ್ಬಿಯ ಮೇಲೆ ಹತ್ತಾರು ಸಾವಿರ ಲ್ಯೂಮೆನ್ (ಬೆಳಕಿನ ಪ್ರಮಾಣದ ಅಳತೆ) ಎಂದು ಬರೆದಿದ್ದರೂ, ಆ ಬೆಳಕಿನ ಬಹುಭಾಗ ಬಾನೆಟ್ಟಿನ ಮುಂದಿನ ಕೆಲವೇ ಅಡಿಗಳಲ್ಲಿ ಸುರಿದು, ಉಳಿದದ್ದು ಮರದ ಕೊಂಬೆಗಳ ಮೇಲೂ ಎದುರಿನವರ ಮುಖದ ಮೇಲೂ ಚೆಲ್ಲಿಹೋಗುತ್ತದೆ. ಮುಂದಿನ ನೆಲ ಬೆಳ್ಳಗೆ ಕಾಣುವುದರಿಂದ ಓಡಿಸುವವರಿಗೆ ದೀಪ ಜೋರಾಗಿದೆ ಎಂಬ ಸಮಾಧಾನ ಸಿಗುತ್ತದೆ. ಆದರೆ ಹತ್ತಿರದ ಬೆಳಕು ಹೆಚ್ಚಾದಷ್ಟೂ ಕಣ್ಣಿನ ಪಾಪೆ ಕಿರಿದಾಗಿ, 50 ಮೀಟರ್ ಆಚೆ ನಿಂತ ಮನುಷ್ಯನೋ ಜಾನುವಾರೋ ಮೊದಲಿಗಿಂತ ಮಬ್ಬಾಗಿ ಕಾಣುತ್ತದೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಒದ್ದೆ ರಸ್ತೆಯಲ್ಲಿ ಅಪಾಯವನ್ನು ಕಂಡು, ಬ್ರೇಕ್ ಒತ್ತಿ, ನಿಲ್ಲುವಷ್ಟರಲ್ಲಿ ಸುಮಾರು 60 ಮೀಟರ್ ಕಳೆದಿರುತ್ತದೆ. ಸಕಲೇಶಪುರ, ಆಲೂರು, ಬೇಲೂರು ಕಡೆ ರಾತ್ರಿ ಓಡಾಡುವವರಿಗೆ ಈ ದೂರದ ಬೆಲೆ ಗೊತ್ತು. ಕಾಡಾನೆಯ ಬೂದು ಮೈ ಬೆಳಕನ್ನು ನುಂಗುತ್ತದೆಯೇ ಹೊರತು ಹಿಂದಿರುಗಿಸುವುದಿಲ್ಲ.

ಎಲ್‌ಇಡಿ ತಂತ್ರಜ್ಞಾನವೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಕಾರ್ಖಾನೆಯಲ್ಲೇ ಎಲ್‌ಇಡಿಗಾಗಿ ರೂಪಿಸಿದ ಹೆಡ್‌ಲೈಟುಗಳು ಒಳ್ಳೆಯ ಬೆಳಕು ಕೊಡುತ್ತವೆ. ಹಳೆಯ ಹೆಡ್‌ಲೈಟಿಗೆ ಎಲ್‌ಇಡಿ ಬಲ್ಬು ಹಾಕುವುದಕ್ಕೆ ಜರ್ಮನಿಯಲ್ಲಿ 2020ರಿಂದ ಅನುಮತಿ ಸಿಗತೊಡಗಿದೆ. ಆದರೆ ಅಲ್ಲಿ ನಿರ್ದಿಷ್ಟ ಬಲ್ಬನ್ನು ನಿರ್ದಿಷ್ಟ ಕಾರಿನ ಮಾದರಿಯೊಂದಿಗೆ ಪರೀಕ್ಷಿಸಿದ ಮೇಲಷ್ಟೇ ಒಪ್ಪಿಗೆ ಕೊಡುತ್ತಾರೆ. ಇಲ್ಲಿಯಂತೆ ಹಿಡಿಕೆ ಹೊಂದಿದರೆ ಸಾಕು, ಯಾವ ಗಾಡಿಗಾದರೂ ಹಾಕಬಹುದು ಎಂಬ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಇಂಥ ಬದಲಾವಣೆಗೆ ನಮ್ಮ ಕಾನೂನಿನಲ್ಲಿಯೂ ಅವಕಾಶವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 106ನೇ ನಿಯಮವು ಹೆಡ್‌ಲೈಟಿನ ಬೆಳಕು ಎದುರಿಗಿರುವವರ ಕಣ್ಣು ಕುಕ್ಕದಂತೆ ಕೆಳಮುಖವಾಗಿರಬೇಕು ಎನ್ನುತ್ತದೆ. 2024ರ ಜುಲೈನಲ್ಲಿ ರಾಜ್ಯದ ಪೊಲೀಸರು ಇಂಥ ದೀಪಗಳ ವಿರುದ್ಧ ವಿಶೇಷ ಕಾರ್ಯಾಚರಣೆ ನಡೆಸಿ ದಂಡ ಹಾಕಿದ್ದು ಓದುಗರಿಗೆ ನೆನಪಿರಬಹುದು. ಅದು ಸ್ವಾಗತಾರ್ಹವೇ. ಆದರೆ ದಂಡ ಕಟ್ಟಿದವನಿಗೆ ತನ್ನ ದೀಪವನ್ನು ಸರಿಪಡಿಸಿಕೊಳ್ಳುವ ಬಗೆಯನ್ನು ಹೇಳಿಕೊಡುವವರು ಯಾರೂ ಇರಲಿಲ್ಲ.

ಸರಿಪಡಿಸುವುದಕ್ಕೆ ಅಷ್ಟೇನೂ ಖರ್ಚಿಲ್ಲ. ಹತ್ತು ವರ್ಷ ಬಿಸಿಲುಂಡ ಕಾರಿನ ಹೆಡ್‌ಲೈಟ್ ಮುಚ್ಚಳ ಪಾಲಿಕಾರ್ಬೊನೇಟಿನದಾಗಿದ್ದರೆ ಹಳದಿಗಟ್ಟಿರುತ್ತದೆ. ಅದನ್ನು ನೀರು ಹಾಕಿ ನಯವಾದ ಮರಳು ಕಾಗದದಿಂದ ಉಜ್ಜಿ, ಪಾಲಿಶ್ ಮಾಡಿ, ಬಿಸಿಲು ತಡೆಯುವ ಲೇಪನ ಕೊಡಿಸಿದರೆ ಬಲ್ಬು ಬದಲಿಸದೆಯೇ ಬೆಳಕು ಎದ್ದು ಕಾಣುವಷ್ಟು ಹೆಚ್ಚುತ್ತದೆ. ಹಳೆಯ ವಾಹನಗಳಲ್ಲಿ ಇನ್ನೊಂದು ತೊಂದರೆ ವೈರಿಂಗಿನದು. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಸ್ವಿಚ್ಚು, ಸಣ್ಣ ವೈರು, ಕಿಲುಬು ಹಿಡಿದ ಜೋಡಣೆಗಳನ್ನು ದಾಟಿ ಬಲ್ಬು ತಲುಪುವಷ್ಟರಲ್ಲಿ ವೋಲ್ಟೇಜ್ ಇಳಿದಿರುತ್ತದೆ. ಹ್ಯಾಲೊಜೆನ್ ಬಲ್ಬಿನಲ್ಲಿ ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಸುಮಾರು ಶೇ 30ರಷ್ಟು ಇಳಿಯುತ್ತದೆ. ಬಲ್ಲ ಎಲೆಕ್ಟ್ರಿಷಿಯನ್ ಕೈಯಲ್ಲಿ ಅರ್ತ್ ಜೋಡಣೆ ಸ್ವಚ್ಛ ಮಾಡಿಸಿ, ಅಗತ್ಯವಿದ್ದರೆ ಫ್ಯೂಸ್ ಸಹಿತ ರಿಲೇ (ಬ್ಯಾಟರಿಯಿಂದ ಬಲ್ಬಿಗೆ ನೇರವಾಗಿ ವಿದ್ಯುತ್ತು ಹರಿಸುವ ಸ್ವಿಚ್ಚು) ಹಾಕಿಸಿ, ಹೊಸದೊಂದು ಜೊತೆ 60/55 ವ್ಯಾಟ್ ಬಲ್ಬು ಕೂರಿಸಿದರೆ ಕಳೆದುಹೋಗಿದ್ದ ಬೆಳಕು ಮರಳುತ್ತದೆ. ಇದನ್ನು ಮಾಡಿಸದೆ 100/90 ವ್ಯಾಟಿನ ಬಲ್ಬು ಹಾಕಿಸಿದ ಪರಿಚಿತರೊಬ್ಬರ ಜೀಪಿನ ಬಲ್ಬ್ ಹೋಲ್ಡರನ್ನು ನಾನು ನೋಡಿದ್ದೇನೆ: ಬಿಳಿ ಪ್ಲಾಸ್ಟಿಕ್ ಕಂದುಗಟ್ಟಿ ಕರಗಿ, ಹಿತ್ತಾಳೆಯ ಕಾಲುಗಳಿಗೆ ಅಂಟಿಕೊಂಡಿತ್ತು, ವೈರಿನ ಹೊದಿಕೆ ಬೆರಳು ತಾಗಿಸಿದರೆ ಉದುರುತ್ತಿತ್ತು. ಬೆಂಕಿ ಹತ್ತದೆ ಉಳಿದದ್ದೇ ಪುಣ್ಯ.

ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಿರುವುದು ಬೆಳಕಿನ ಮಟ್ಟವನ್ನು, ಅಂದರೆ ಅದು ಎಷ್ಟು ಎತ್ತರಕ್ಕೆ ಬೀಳುತ್ತದೆ ಎಂಬುದನ್ನು. ನಮ್ಮ ಭಾಗದಲ್ಲಿ ಇದನ್ನು ನೋಡಿಕೊಳ್ಳುವುದು ಸುಲಭ, ಏಕೆಂದರೆ ಹೆಚ್ಚಿನ ತೋಟಗಳಲ್ಲಿ ಕಾಫಿ ಒಣಗಿಸುವ ಸಿಮೆಂಟು ಕಣವಿದೆ, ಕಣದ ತುದಿಗೆ ಗೋದಾಮಿನ ಗೋಡೆಯಿದೆ. ಕಣದಲ್ಲಿ ಇಳಿಜಾರಿಲ್ಲದ ಕಡೆ, ಗೋಡೆಯಿಂದ 10 ಮೀಟರ್ ದೂರದಲ್ಲಿ, ಟೈರಿನ ಗಾಳಿ ಸರಿಯಾಗಿರುವ ಖಾಲಿ ಕಾರನ್ನು ಚಾಲಕನೊಬ್ಬನನ್ನು ಕೂರಿಸಿ ನೇರವಾಗಿ ನಿಲ್ಲಿಸಬೇಕು. ಬಲ್ಬಿನ ನಡುಮಟ್ಟದ ಎತ್ತರವನ್ನು ನೆಲದಿಂದ ಅಳೆದು, ಗೋಡೆಯ ಮೇಲೆ ಅಷ್ಟೇ ಎತ್ತರದಲ್ಲಿ ಸೀಮೆಸುಣ್ಣದ ಗೆರೆ ಎಳೆಯಬೇಕು. ಲೋ ಬೀಮ್ ಹಾಕಿದಾಗ ಬೆಳಕು ಮುಗಿದು ಕತ್ತಲು ಆರಂಭವಾಗುವ ಅಂಚು ಆ ಗೆರೆಗಿಂತ 10ರಿಂದ 12 ಸೆಂ.ಮೀ. ಕೆಳಗಿರಬೇಕು, ಎಡಕ್ಕೆ ಮಾತ್ರ ಓರೆಯಾಗಿ ಏರಬೇಕು. ಕಾರಿನ ಕೈಪಿಡಿಯಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ಪಾಲಿಸಬೇಕು. ಹೆಚ್ಚು ಕಡಿಮೆಯಾಗಿದ್ದರೆ ಹೆಡ್‌ಲೈಟಿನ ಹಿಂಬದಿಯಲ್ಲಿರುವ ಸ್ಕ್ರೂ ತಿರುಗಿಸಿ ಸರಿಪಡಿಸಬಹುದು.

ಇದೇ ಕಣದಲ್ಲಿ 50 ಕೆ.ಜಿ.ಯ ಕೆಲವು ಕಾಫಿ ಮೂಟೆಗಳನ್ನು ಹಿಂದೆ ಹೇರಿ ಮತ್ತೆ ಗೋಡೆ ನೋಡಿದರೆ ಅಂಚು ಮೇಲೇರಿರುವುದು ಕಾಣುತ್ತದೆ. ಚಕ್ರಗಳ ನಡುವೆ 2.4 ಮೀಟರ್ ಅಂತರವಿರುವ ಕಾರಿನ ಹಿಂಬದಿ 5 ಸೆಂ.ಮೀ. ಕುಗ್ಗಿದರೆ, 10 ಮೀಟರ್ ದೂರದ ಗೋಡೆಯ ಮೇಲೆ ಬೆಳಕು ಸುಮಾರು 20 ಸೆಂ.ಮೀ. ಏರುತ್ತದೆ. ಅಂದರೆ ಗೆರೆಯ ಕೆಳಗಿದ್ದ ಅಂಚು ಗೆರೆಯನ್ನು ದಾಟಿ, ಲೋ ಬೀಮ್ ಹಾಕಿದ್ದರೂ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಇದಕ್ಕೆಂದೇ ಬಹಳಷ್ಟು ಕಾರುಗಳ ಸ್ಟಿಯರಿಂಗ್ ಬಳಿ 0, 1, 2, 3 ಎಂದು ಗುರುತಿಸಿದ ಸಣ್ಣ ಗಾಲಿಯಂಥ ಸ್ವಿಚ್ಚಿದೆ. ಹಿಂದೆ ಭಾರ ಹೆಚ್ಚಿದಂತೆ ಅದನ್ನು ಮೇಲಿನ ಅಂಕಿಗೆ ತಿರುಗಿಸಿದರೆ ಬೆಳಕು ಇಳಿಯುತ್ತದೆ. ನಾನು ಕೇಳಿದವರಲ್ಲಿ ಬಹುತೇಕರು ಆ ಸ್ವಿಚ್ಚನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಮಂಜಿನ ಬಗ್ಗೆಯೂ ಒಂದು ಮಾತು. ಮಂಜಿನ ಹನಿಗಳು ಎಲ್ಲ ಬಣ್ಣದ ಬೆಳಕನ್ನೂ ಹೆಚ್ಚು ಕಡಿಮೆ ಸಮನಾಗಿ ಚದುರಿಸುವುದರಿಂದ, ದೀಪದ ಬಣ್ಣಕ್ಕಿಂತ ಅದನ್ನು ಎಷ್ಟು ತಗ್ಗಿನಲ್ಲಿ ಕೂರಿಸಿದೆ ಎಂಬುದು ಮುಖ್ಯ. ಬಂಪರಿನ ಕೆಳಗಿನ ಫಾಗ್ ಲ್ಯಾಂಪು ಮತ್ತು ಲೋ ಬೀಮ್ ಮಾತ್ರ ಉಪಯೋಗಕ್ಕೆ ಬರುತ್ತವೆ. ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ತಾಗಿ ನಮ್ಮ ಕಣ್ಣಿಗೇ ಮರಳುತ್ತದೆ. ಮಳೆಯಲ್ಲಿ ನೆನೆದ ಕಪ್ಪು ಡಾಂಬರಿನ ಮೇಲೆ ನೀಲಿ ಛಾಯೆಯ ಬಿಳಿ ದೀಪಕ್ಕಿಂತ ಹ್ಯಾಲೊಜೆನ್‌ನ ಹಳದಿ ಬೆಳಕು ಕಣ್ಣಿಗೆ ಹಿತ ಎಂಬುದು ಘಾಟಿ ಚಾಲಕರಲ್ಲಿ ಹಲವರ ಅಭಿಪ್ರಾಯ, ನನ್ನದೂ ಅದೇ.

ಸಾರಿಗೆ ಇಲಾಖೆ ಮತ್ತು ಪೊಲೀಸರಲ್ಲಿ ನನ್ನ ಮನವಿ ಇಷ್ಟು. ಮಳೆಗಾಲಕ್ಕೆ ಮುಂಚೆ, ಅಂದರೆ ಮೇ ತಿಂಗಳಲ್ಲಿಯೇ, ಮೂಡಿಗೆರೆ, ಕೊಟ್ಟಿಗೆಹಾರ, ಬೇಲೂರು, ಸಕಲೇಶಪುರಗಳಲ್ಲಿ ಹೆಡ್‌ಲೈಟ್ ಮಟ್ಟ ಅಳೆಯುವ ಉಪಕರಣದೊಂದಿಗೆ ಶಿಬಿರ ನಡೆಸಿ, ಬಂದ ವಾಹನಗಳ ದೀಪವನ್ನು ಸ್ಥಳದಲ್ಲಿಯೇ ಸರಿಪಡಿಸಿಕೊಡಬೇಕು. ದಂಡವನ್ನು ಶಿಬಿರ ಮುಗಿದ ಮೇಲೆ ಹಾಕಲಿ. ಅನುಮೋದನೆಯಿಲ್ಲದ ಬಲ್ಬು ಮಾರುವ ಅಂಗಡಿಗಳನ್ನೂ ತಪಾಸಣೆಗೆ ಒಳಪಡಿಸಬೇಕು, ಏಕೆಂದರೆ ಈಗ ಹೊಣೆ ಪೂರ್ತಿಯಾಗಿ ಕೊಂಡವನ ತಲೆಗೇ ಬೀಳುತ್ತಿದೆ. ಲೋಕೋಪಯೋಗಿ ಮತ್ತು ಹೆದ್ದಾರಿ ಇಲಾಖೆಗಳು ಘಾಟಿಯ ತಿರುವುಗಳಲ್ಲಿ ಅಂಚಿನ ಬಿಳಿ ಗೆರೆ ಬಳಿದು, ತಡೆಗೋಡೆಗಳಿಗೆ ಪ್ರತಿಫಲಕಗಳನ್ನು ಅಳವಡಿಸಿದರೆ, ಇದ್ದ ದೀಪದಲ್ಲಿಯೇ ರಸ್ತೆ ಕಾಣುತ್ತದೆ, ಹೊಸ ಬಲ್ಬು ಹುಡುಕಿಕೊಂಡು ಅಂಗಡಿಗೆ ಹೋಗುವವರ ಸಂಖ್ಯೆಯೂ ಕಡಿಮೆಯಾಗುತ್ತದೆ.

–ಕಾಫಿ ಬೆಳೆಗಾರ, ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ